ಅರಗು ಕಾಣದ ಬಿರಡೆ

ಒಂದು ಬಿರಡೆಯ ಕತೆ ಹೇಳಬೇಕು, ಅದಕ್ಕೆ ಸ್ವಲ್ಪ ತಾಳಿ. ಮೊದಲು ಅನ್ವರಣ್ಣನ ಅಂಗಡಿ ನೋಡಿಬಿಡಿ. ಚನ್ನಪಟ್ಟಣದ ಅವನ ಬೀದಿಯಲ್ಲಿ ಎಲ್ಲರ ಲೇತ್ ಮುಂದೆಯೂ ಕೆಂಪು, ಹಳದಿ, ಹಸಿರು ಬೊಂಬೆಗಳ ರಾಶಿ. ಅವನ ಬಾಗಿಲಲ್ಲಿ ಮಾತ್ರ ಬಿಳಿ ರಾಶಿ. ಬಣ್ಣ ಕಾಣದ ಹಾಲೆ ಮರದ ತುಂಡುಗಳು, ಬಿಸಿಲಿಗೆ ಹರವಿದ ಮೂಳೆಗಳ ಹಾಗೆ.

ನಾನು ಮಂಜ, ಹೊಂಗನೂರಿನವನು. ಸಮುದ್ರ ನೋಡಿದ್ದು ಫೋನಿನಲ್ಲೇ, ಆದರೆ ಹಡಗಿನ ಹುಚ್ಚು ವಿಪರೀತ. ವಿಡಿಯೋ ನೋಡಿ ನೋಡಿ ರಟ್ಟಿನಲ್ಲಿ ಸರಕು ಹಡಗು ಮಾಡುತ್ತೇನೆ. ಒಂದು ಹಡಗಿಗೆ ಹೊಗೆಕೊಳವೆ ಕಡೆಸಿಕೊಳ್ಳಲು ಅನ್ವರಣ್ಣನ ಹತ್ತಿರ ಹೋಗಿ, ಕೆಂಪು ಅರಗು ಹಚ್ಚಿಕೊಡು ಅಂದೆ. ಅವನು ಲೇತ್ ನಿಲ್ಲಿಸಿಬಿಟ್ಟ.

"ಬಣ್ಣ ಬೇಕಾದ್ರೆ ಪಕ್ಕದಂಗ್ಡೀಗೋಗು. ಮೇಲ್ ಮಿನುಗ್ಸೋದು ನನ್ ಕೈಲಾಗಕಿಲ್ಲ."

ಪಕ್ಕದ ಅಂಗಡಿಯ ಬಾಬು ಕೇಳಿಸಿಕೊಂಡು ನಕ್ಕ. "ಹಡಗಲ್ಲಿ ಫಿಟ್ಟರ್ ಆಗಿದ್ದ ಕಣ್ಲಾ. ಉಪ್ನೀರು ತಲೆಗತ್ಬುಟ್ಟೈತೆ. ಮದ್ಲು ಇವ್ನಂಗೆ ಅರಗು ಹಚ್ಚೋರು ಈ ಬೀದೀಲೇ ಇರ್ನಿಲ್ಲ."

ನಿಜವಾದ ಹಡಗಿನವನು ಸಿಕ್ಕ ಮೇಲೆ ನಾನು ಬಿಡುತ್ತೇನೆಯೇ? ದಿನಾ ಹೋಗಿ ಕೂತೆ. ಅವನಿಗೊಂದು ಅಭ್ಯಾಸವಿತ್ತು. ಗೋಡೆ ತೇವವಾಗಿರಲಿ, ನಲ್ಲಿ ಸೋರಲಿ, ಹೆಂಚಿನಿಂದ ಮಳೆ ನೀರು ಇಳಿಯಲಿ, ಟೀ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ನೀರಿಗೆ ಬೆರಳು ತಾಗಿಸಿ ನಾಲಿಗೆಗೆ ಇಡುತ್ತಿದ್ದ.

"ಸಪ್ಪೆ ಐತೆ. ಕುತ್ಕ."

ಎಲ್ಲರಿಗೂ ಅದು ತಮಾಷೆ. ನಾನೂ ನಗುತ್ತಿದ್ದೆ, ಅವನು ಬಿರಡೆಯ ಕತೆ ಹೇಳುವ ತನಕ.

ಅವನ ಹಡಗು ಸಿಮೆಂಟ್ ಹೊತ್ತು ಹೋಗುತ್ತಿತ್ತಂತೆ. ಎಂಜಿನ್ ಕೋಣೆಯ ತಳದಲ್ಲಿ ನೀರು ಕಾಣಿಸಿಕೊಂಡಿತು. ಪಂಪ್ ಹಾಕಿ ಖಾಲಿ ಮಾಡಿದರೆ ಮತ್ತೆ ಏರಿತು. ಕುಡಿಯುವ ನೀರಿನ ಪೈಪ್ ಒಡೆದಿದ್ದರೆ ಬಚಾವು. ಅನ್ವರಣ್ಣ ಬೆರಳದ್ದಿ ನಾಲಿಗೆಗಿಟ್ಟ. ಉಪ್ಪು. ಅಂದರೆ ಸಮುದ್ರವೇ ಒಳಗೆ ಬರುತ್ತಿತ್ತು.

ಎಲ್ಲಿಂದ ಅಂತ ಯಾರಿಗೂ ಗೊತ್ತಿಲ್ಲ. ನೆಲದ ತಗಡುಗಳನ್ನೆಲ್ಲ ಎತ್ತಿ, ಎಣ್ಣೆ ಬೆರೆತ ಕಪ್ಪು ನೀರಿನಲ್ಲಿ ಭುಜದವರೆಗೂ ಕೈ ಬಿಟ್ಟು ತಡಕಿದರು. ಅನ್ವರಣ್ಣನ ಜೊತೆ ಒಂದೇ ಕೋಣೆಯಲ್ಲಿದ್ದ ತಮಿಳುನಾಡಿನ ಸೆಲ್ವಂ ಕೈಗೆ ಕೊನೆಗೆ ಸಿಕ್ಕಿತು. ಒಂದು ಪೈಪಿನ ಹಿಂದೆ, ಹಡಗಿನ ಹೊರ ತಗಡಿನಲ್ಲಿ ತುಕ್ಕು ತಿಂದ ತೂತು. ಪಕ್ಕದಲ್ಲೇ ಎಣ್ಣೆ ಟ್ಯಾಂಕ್ ಇದ್ದದ್ದರಿಂದ ಬೆಸುಗೆ ಹಾಕುವ ಹಾಗಿಲ್ಲ. ಹಡಗಿನಲ್ಲಿದ್ದ ಮರದ ಬಿರಡೆಗಳು ತೀರಾ ಉದ್ದ, ಪೈಪ್ ಅಡ್ಡ ಬಂದು ತೂತಿಗೆ ಹೋಗಲಿಲ್ಲ. ಗಿಡ್ಡ ಬಿರಡೆಯೊಂದನ್ನು ಕಡೆದು ಕೊಡು ಅಂತ ಅನ್ವರಣ್ಣನನ್ನು ಲೇತ್ ಹತ್ತಿರ ಓಡಿಸಿದರು.

ಅವನು ಕಡೆದ. ಪೆಟ್ಟಿಗೆಯಲ್ಲಿ ಊರಿನ ಅರಗಿನ ಕಡ್ಡಿ ಇತ್ತು. ಬಿಡುವಿದ್ದಾಗ ಹಡಗಿನವರಿಗೆಲ್ಲ ಬೊಂಬೆ ಮಾಡಿಕೊಡುತ್ತಿದ್ದನಲ್ಲ. ಬಿರಡೆ ಲೇತ್ ಮೇಲೆ ಗಿರಗಿರ ತಿರುಗುತ್ತಿತ್ತು.

"ಕೈ ತಾನಾಗೇ ಅರಗಿಗೋಯ್ತು ಮಂಜ. ಅರಗಚ್ದೆ ಲೇತಿಂದ ಏನೂ ಇಳಿಸ್ಬ್ಯಾಡ ಅಂತ ನಮ್ಮಪ್ಪ ಏಳ್ಕೊಟ್ಟಿದ್ದು."

ಕೆಂಪಗೆ ಹೊಳೆಯುವ ಬಿರಡೆ ನೋಡಿ ಸೆಲ್ವಂ, ಇದೇನು ಮದುವಣಗಿತ್ತಿಯೋ ಅಂತ ನಕ್ಕನಂತೆ. ತೂತಿಗಿಟ್ಟು ಬಡಿದರು. ನೀರು ನಿಂತಿತು. ಮೇಲೆ ಸಿಮೆಂಟ್ ಸುರಿಯಲು ಹಲಗೆ ಕಟ್ಟೋಣ ಅಂತ ಸೆಲ್ವಂ ತೂತಿನೆದುರು ಮಲಗಿ ಮುಖ ಇಟ್ಟ.

ಮರ ನೀರು ಕುಡಿದು ಉಬ್ಬಿದರೆ ತಾನೇ ತೂತನ್ನು ಕಚ್ಚಿಕೊಳ್ಳುವುದು? ಅರಗು ಹಚ್ಚಿದ ಮರ ನೀರು ಕುಡಿಯುವುದಿಲ್ಲ. ಬಿರಡೆ ಜಾರಿ, ಸಿಡಿದು, ಸೆಲ್ವಂನ ಬಲಗಣ್ಣಿಗೆ ಬಡಿಯಿತು. ಅನ್ವರಣ್ಣ ಬರೀ ಮರದ ತುಂಡನ್ನು ಅಂಗಿಯಲ್ಲಿ ಸುತ್ತಿ ತೂತಿಗೆ ತುರುಕಿ, ಅದು ಉಬ್ಬುವವರೆಗೂ ಎದೆ ಕೊಟ್ಟು ಒತ್ತಿ ಹಿಡಿದ. ಹಡಗು ದಡ ಸೇರಿತು. ಕಣ್ಣು ಮಾತ್ರ ಹೋಯಿತು.

ಈ ವರ್ಷ ಮಳೆಗಾಲಕ್ಕೆ ಮುಂಚೆ ಸೆಲ್ವಂನ ಫೋನ್ ಬಂತು. ಒಂದು ಕಣ್ಣಿನವನಿಗೆ ಬೇರೆ ಯಾರೂ ಕೆಲಸ ಕೊಡದೆ, ಅದೇ ಹಡಗಿನಲ್ಲಿ ಪಾತ್ರೆ ತೊಳೆಯಲು ಸೇರಿದ್ದ. ಹಡಗಿಗೆ ಹೊಸ ಪೇಂಟ್ ಹೊಡೆದಿದ್ದಾರೆ, ಪಳಪಳ ಅನ್ನುತ್ತಿದೆ ಅಂದನಂತೆ. ತೂತು ಬಿದ್ದ ತಗಡು ಬದಲಾಯಿಸಿದರಾ ಅಂತ ಅನ್ವರಣ್ಣ ಕೇಳಿದ್ದಕ್ಕೆ, ಅದರ ಮೇಲೇ ಪೇಂಟ್ ಬಳಿದರು ಅಂದನಂತೆ.

ಅವತ್ತಿಂದ ಲೇತ್ ನಿಲ್ಲಲಿಲ್ಲ. ಒಂದು ಚೀಲ ಬಿರಡೆ ಕಡೆದ, ಎಲ್ಲವೂ ಬಿಳಿ. ಫಿಟ್ಟರ್ ಬೇಕು ಅಂತಿದ್ದ ಅದೇ ಹಡಗಿಗೆ ಹೊರಟ. ಬಸ್ ಸ್ಟ್ಯಾಂಡಿನಲ್ಲಿ ಬಾಬು ತಡೆದ.

"ಗೊತ್ತಿದ್ದೂ ಗೊತ್ತಿದ್ದೂ ಸಾಯಕ್ಕೋಯ್ತಿಯೇನ್ಲಾ?"

"ಅವ್ನಿಗ್ ಒಂದೇ ಕಣ್ಣು ಕಣ್ಲಾ ಬಾಬು. ಕತ್ಲಲ್ಲಿ ಯಾರ್ ಹುಡುಕ್ತಾರೆ ತೂತ?"

ನನ್ನ ಕೈಗೊಂದು ಬಿರಡೆ ಕೊಟ್ಟು ಬಸ್ ಹತ್ತಿದ.

ಹಡಗು ಹೊರಟ ಮೇಲೆ ಅವನಿಂದ ಒಂದೇ ವಾಯ್ಸ್ ಮೆಸೇಜ್ ಬಂತು. ಹಿಂದೆ ಎಂಜಿನ್ ಸದ್ದು, ಇವನದು ಪಿಸುಮಾತು.

"ಮಂಜ, ಅದೇ ಜಾಗ. ಪೇಂಟ್ ಮೇಲೆ ಒಸಿ ತ್ಯಾವ ಐತೆ. ನಾಲ್ಗೆಗಿಟ್ಟು ನೋಡ್ದೆ."

ಕೊನೆಗೆ, "ಸಪ್ಪೆ ಇಲ್ಲ ಕಣ್ಲಾ" ಅಂದ.

ಆಮೇಲೆ ನಾನು ಕಳಿಸಿದ ಮೆಸೇಜಿಗೆಲ್ಲ ಒಂದೇ ಗೀಟು, ಒಂದೂ ಅವನ ಫೋನಿಗೆ ತಲುಪಿಲ್ಲ. ಅವನು ಕೊಟ್ಟ ಬಿರಡೆಯನ್ನು ಸೀಸೆಯ ಬಾಯಿಗೆ ಸಿಕ್ಕಿಸಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೆ. ಈಗ ಎರಡು ಕೈಯಲ್ಲಿ ಎಳೆದರೂ ಬರುತ್ತಿಲ್ಲ. ಬಾಬು ದಿನಾ ಬಂದು ಅದನ್ನೊಮ್ಮೆ ಎಳೆದು ನೋಡಿ ಹೋಗುತ್ತಾನೆ.

ನಿಮ್ಮ ಮನೆಯವರು ಯಾರಾದರೂ ಸರಕು ಹಡಗಿನಲ್ಲಿದ್ದರೆ ದಯವಿಟ್ಟು ಬರೆಯಿರಿ. ನಡುಸಮುದ್ರದಲ್ಲಿ ಫೋನು ಇಷ್ಟು ದಿನ ಸುಮ್ಮನಿರುವುದು ಮಾಮೂಲಿಯಾ? ನಿಮಗೂ ಹೀಗೆ ಆಗಿ, ಆಮೇಲೆ ಎರಡನೇ ಗೀಟು ಬಂದದ್ದಿದೆಯಾ?