ಯಾರೂ ಬಂದು ನೋಡದ ಹೊಲ

ಊಟಿಯಲ್ಲಿ ನಾನು ಮನೆಯಿಂದಲೇ ಒಂದು ಕಂಪನಿಗೆ ಡೇಟಾ ಕೆಲಸ ಮಾಡುತ್ತಿದ್ದೆ. ನನ್ನ ಗಂಡ ಮಂಡಿಯಲ್ಲಿ ತರಕಾರಿ ವ್ಯಾಪಾರಿ. ಮೈಸೂರು ಕಡೆಯಿಂದ ಬಂದು ಬಾಡಿಗೆ ಮನೆಯಲ್ಲಿದ್ದ ನಮಗೆ ಈ ಬೆಟ್ಟದಲ್ಲಿ ಒಂದು ತುಂಡು ನೆಲದ ಆಸೆ. ಅಗ್ಗಕ್ಕೆ ಕೊಂಡು ಗುತ್ತಿಗೆಗೆ ಕೊಡುವುದು, ಬೆಲೆ ಏರಿದ ಮೇಲೆ ಅರ್ಧ ಮಾರಿ ಉಳಿದರ್ಧದಲ್ಲಿ ಮನೆ ಕಟ್ಟುವುದು ಎಂದುಕೊಂಡಿದ್ದೆವು.

ಅದಕ್ಕಾಗಿ ಒಂದು ಪ್ರೋಗ್ರಾಂ ಬರೆದೆ. ಜಮೀನು ಮಾರಾಟದ ಜಾಹೀರಾತುಗಳನ್ನು ಅದು ದಿನವೂ ಹೆಕ್ಕಿ ತರುತ್ತಿತ್ತು. ಇಳಿಜಾರು, ರಸ್ತೆ, ನೀರು ಎಲ್ಲ ನೋಡಿ ತಾನೇ ಒಂದು ಬೆಲೆ ಕಟ್ಟುತ್ತಿತ್ತು. ಕೇಳಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ನನ್ನ ಫೋನ್ ಗುಂಯ್ ಎನ್ನುತ್ತಿತ್ತು. ಹಾಗೆ ಸಿಕ್ಕ ಮಸಿನಗುಡಿಯ ಜಮೀನನ್ನು ನೋಡಲು ಹೋದರೆ ಅದು ಆನೆ ಓಡಾಡುವ ದಾರಿ. ಗೂಡಲೂರಿನದಕ್ಕೆ ಪಟ್ಟಾವೇ ಇರಲಿಲ್ಲ.

ಕೊನೆಗೆ ತುಮ್ಮನಟ್ಟಿಯಲ್ಲಿ ಒಂದು ಕ್ಯಾರೆಟ್ ಹೊಲ ಸಿಕ್ಕಿತು. ಪಟ್ಟಾ ಸರಿಯಿತ್ತು, ಕೆಳಗೆ ತೊರೆ. ಒಡತಿ ಈ ಬೆಟ್ಟದವರೇ ಆದ ಬಡಗ ಸಮುದಾಯದ ಹೆಂಗಸು. ಮಗಳ ಚಿಕಿತ್ಸೆಗಾಗಿ ಮಾರುತ್ತಿದ್ದರು. ಒಂದು ಕ್ಯಾರೆಟ್ ಕಿತ್ತು ತೊಳೆದು ನನ್ನ ಕೈಗಿಟ್ಟರು.

"ನೀವೇ ತಕೊಳ್ಳಿ ಅಮ್ಮಾ. ನಾನೇ ಗುತ್ತಿಗೆಗೆ ಮಾಡ್ತೀನಿ. ಮಣ್ಣು ಬಿಟ್ಟು ಇರಕ್ಕಾಗಲ್ಲ."

"ಸರಿ ಅಕ್ಕಾ, ಸೋಮವಾರ ಅಡ್ವಾನ್ಸ್ ತರ್ತೀವಿ," ಎಂದೆ.

ಭಾನುವಾರವೇ ಅವರ ಫೋನ್ ಬಂತು. "ಮುಗಿದೋಯ್ತು ಅಮ್ಮಾ. ಚೆನ್ನೈ ಪಾರ್ಟಿ, ಬ್ರೋಕರ್ ಕೈಲಿ ಅಡ್ವಾನ್ಸ್ ಕೊಟ್ಬಿಟ್ರು. ಆಸ್ಪತ್ರೆಯವರು ಕಾಯಲ್ಲ, ಏನ್ ಮಾಡ್ಲಿ?"

"ಹೊಲ ಬಂದು ನೋಡಿದ್ರಾ?"

"ಎಲ್ಲಿ ಬಂದ್ರು? ನಲ್ಲ ಜಾಗ, ಒಳ್ಳೇ ಜಾಗ ಅಂತ ಕಂಪ್ಯೂಟರ್ ಹೇಳ್ತಂತೆ."

ನನ್ನದರಂಥದ್ದೇ, ನನ್ನದಕ್ಕಿಂತ ಚುರುಕಾದ ಇನ್ನೊಂದು ಪ್ರೋಗ್ರಾಂ ಎಲ್ಲೋ ಓಡುತ್ತಿತ್ತು. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ.

ಹೊಲಕ್ಕೆ ತಂತಿಬೇಲಿ ಬಂತು, ಗೇಟಿಗೆ ಬೀಗ. ಬೆಲೆ ಏರಲೆಂದು ಕೊಂಡವರು ಅದನ್ನು ಹಾಗೇ ಪಾಳು ಬಿಟ್ಟರು. ಕಳೆ ಮೊಣಕಾಲುದ್ದ ಬೆಳೆಯಿತು. ಮಗಳು ಚೇತರಿಸಿಕೊಂಡಳು, ಅಕ್ಕ ಮಾತ್ರ ಬೇರೆಯವರ ಹೊಲಗಳಲ್ಲಿ ಕೂಲಿಗೆ ಹೋಗತೊಡಗಿದರು.

ಒಂದು ಮಧ್ಯಾಹ್ನ ನಮ್ಮ ಮನೆಗೇ ಬಂದರು. ಅವರ ಹೊಲ ನನಗೆ ಹೇಗೆ ಸಿಕ್ಕಿತೆಂದು ಹಿಂದೆ ಹೇಳಿದ್ದೆ. "ನಿಮ್ ಕಂಪ್ಯೂಟರ್‌ನಲ್ಲಿ ನಂಗೊಂದ್ ಸಣ್ಣ ತುಂಡು ಹುಡುಕ್ತೀರಾ? ಗುತ್ತಿಗೆಗಾದ್ರೂ ಸಾಕು."

ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿದೆ. ಬಂದದ್ದೆಲ್ಲ ರೆಸಾರ್ಟಿಗೆ ಲಾಯಕ್ಕಾದ ಜಾಗಗಳ ಚಿತ್ರಗಳು. ಎಲ್ಲೂ ಉತ್ತ ಮಣ್ಣಿರಲಿಲ್ಲ.

"ನಾಳೆ ಬರುತ್ತಾ?" ಎಂದು ಕೇಳಿದರು.

"ಬರಬಹುದು ಅಕ್ಕಾ."

ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಆಮೇಲೆ ಆಗಾಗ ಫೋನ್ ಮಾಡಿ ವಿಚಾರಿಸುತ್ತಿದ್ದರು. ಉಳುವಂಥ ತುಂಡು ಒಂದೂ ಬರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ನಾನು ಪ್ರೋಗ್ರಾಂ ನಿಲ್ಲಿಸಿದೆ. ಅಷ್ಟರಲ್ಲಿ ಅವರು ಕೇಳುವುದನ್ನೂ ಬಿಟ್ಟಿದ್ದರು.