ಕಸದ ಮೂಲೆಗೆ ತಂದಿಟ್ಟ ಲಕ್ಷ್ಮಿ

ಗೋಕಾಕದಲ್ಲಿ ನಮ್ಮ ಓಣಿ ದೊಡ್ಡ ರಸ್ತೆಗೆ ಕೂಡುವ ಮೂಲೆಯಲ್ಲಿ ಒಂದು ಹಳೆಯ ಕಂಪೌಂಡ್ ಗೋಡೆ ಇದೆ. ಅದರ ಬುಡದಲ್ಲಿ ಕಸ ಬೀಳುತ್ತಿತ್ತು. ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲಗಳು, ಕೋಳಿ ಪುಕ್ಕ, ಹರಿದ ಗಾದಿಯ ಹತ್ತಿ. ಕಸದ ಗಾಡಿ ಹಾಡು ಹಾಕಿಕೊಂಡು ದಿನಾ ಬರುತ್ತಿತ್ತು. ಅದು ಬಂದಾಗ ಯಾರೂ ಹೊರಗೆ ಬರುತ್ತಿರಲಿಲ್ಲ. ಹೋದ ಮೇಲೆ ಬೈಕಿನ ಹ್ಯಾಂಡಲ್‌ಗೆ ಚೀಲ ಸಿಕ್ಕಿಸಿಕೊಂಡು ಬಂದು ಅಲ್ಲಿ ಒಗೆಯುತ್ತಿದ್ದರು.

ಅದೇ ಗೋಡೆಗೆ ಬೆನ್ನು ಕೊಟ್ಟು, ಕಸದಿಂದ ನಾಲ್ಕು ಮಾರು ಈಚೆ, ಛತ್ರಿ ಮತ್ತು ಕೀಲಿ ರಿಪೇರಿ ಮಾಡುವ ಚಾಚಾ ಕೂಡುತ್ತಿದ್ದರು. ನಾನು ಸಾಲೆಗೆ ಹೋಗುವಾಗ ಅವರು ಕೆಣಕದೆ ಬಿಡುತ್ತಿರಲಿಲ್ಲ.

"ಮಾಸ್ತರ್ರ, ಹುಡುಗೂರಿಗೆ ಸ್ವಚ್ಛತಾ ಪಾಠಾ ಹೇಳ್ತೀರಿ. ಒಂದ ತಾಸು ಇಲ್ಲಿ ಬಂದು ಕುಂಡರ್ರಿ, ನಿಮ್ಮ ಮೂಗು ಪಾಸ್ ಆಗ್ತೈತೇನ ನೋಡೂಣು. ಏನರ ಮಾಡ್ರಿ!"

ಮಾಡಿದೆ. ನಮ್ಮ ಮನೆಯಲ್ಲಿ ಗಾಜು ಸೀಳುಬಿಟ್ಟ ಲಕ್ಷ್ಮಿಯ ಫೋಟೊ ಒಂದಿತ್ತು. ಒಡೆದ ದೇವರ ಫೋಟೊವನ್ನು ಮನೆಯಲ್ಲಿಡಬಾರದು, ಕಸಕ್ಕೂ ಹಾಕಬಾರದು. ಘಟಪ್ರಭೆಗೆ ಬಿಡೋಣವೆಂದು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ವರ್ಷಗಳಾಗಿದ್ದವು. ದೇವರೆದುರು ಯಾರು ಕಸ ಒಗೆದಾರು ಎಂದುಕೊಂಡು, ಒಂದು ರವಿವಾರ ಮೂಲೆಯ ಕಸವನ್ನೆಲ್ಲ ಬಳಿಸಿ, ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದೆ. ಮನೆಗೆ ಬೇಡವಾದದ್ದನ್ನು ಆ ಮೂಲೆಗೆ ಸಾಗಿಸಿದವರಲ್ಲಿ ನಾನೂ ಒಬ್ಬನಾದೆ ಎಂಬುದು ಆಗ ಹೊಳೆಯಲಿಲ್ಲ.

ಮೊಳೆ ಹೊಡೆಯಲು ಚಾಚಾ ತಮ್ಮ ಸುತ್ತಿಗೆ ಕೊಟ್ಟರು ಎಂದು ನನ್ನ ನೆನಪು. ಆದರೆ ನಮ್ಮ ಮನೆಯಲ್ಲೇ ಸುತ್ತಿಗೆ ಇದೆ. ಅವರ ಕೈಯನ್ನೂ ಇದರಲ್ಲಿ ಸೇರಿಸಿಕೊಂಡರೆ ನನಗೆ ಹಗುರ. ಆ ನೆನಪನ್ನು ಆಮೇಲೆ ನಾನೇ ಹುಟ್ಟಿಸಿಕೊಂಡಿರಬಹುದು. ಅವರು ನಕ್ಕದ್ದು ಮಾತ್ರ ಖರೆ.

"ಬೇಶ್ ಆತು. ಪಗಾರ ಬ್ಯಾಡ, ರಜಾ ಬ್ಯಾಡ. ನಿಮ್ಮ ಲಕ್ಷ್ಮಿ ಕಾಯ್ತಾಳ ಬಿಡ್ರಿ."

ಕಾದಳು. ಎಂಟು ದಿನದಲ್ಲಿ ಅಲ್ಲಿ ಕಸ ಬೀಳುವುದು ನಿಂತಿತು. ಯಾರೋ ಚೆಂಡುಹೂ ಇಟ್ಟರು. ಶುಕ್ರವಾರ ಊದಿನಕಡ್ಡಿ ಬಂತು. ಬೇರೆ ಮನೆಗಳ ಅಟ್ಟದಿಂದಲೂ ಒಡೆದ ಫೋಟೊಗಳು ಇಳಿದು ಬಂದು ಸಾಲಾಗಿ ನಿಂತವು. ಮಳೆಗಾಲ ಮುಗಿಯುವುದರೊಳಗೆ ಓಣಿಯವರು ಕೂಡಿ ಸಿಮೆಂಟಿನ ಕಟ್ಟೆ ಕಟ್ಟಿಸಿದರು. ಅದು ಚಾಚಾ ಕೂಡುವ ಜಾಗದವರೆಗೂ ಚಾಚಿತು.

ಒಂದು ದಿನ ಎದುರುಮನೆಯ ಅಕ್ಕ ಬಂದು ಹೇಳಿದಳು: "ಚಾಚಾ, ತಪ್ಪ ತಿಳ್ಕೋಬ್ಯಾಡ್ರಿ. ಹೆಣ್ಮಕ್ಕಳು ಆರತಿ ಹಿಡ್ಕೊಂಡು ನಿಂದ್ರಾಕ ಜಾಗಾ ಬೇಕು. ಒಂದೀಟು ಆ ಕಡಿ ಸರೀತೀರೇನ?"

"ಸರದ್ರ ಆತ ಬಿಡವ್ವಾ. ಛತ್ರಿ ರಿಪೇರಿ ಮಾಡಾಂವಗ ಯಾ ಕಡಿ ಆದ್ರೇನು?" ಎಂದು ಅವರು ತಮ್ಮ ಗೋಣಿತಟ್ಟು ಎಳೆದುಕೊಂಡರು. ಆ ಕಡೆ ಗಟಾರ. ಅದರ ಅಂಚಿನಲ್ಲಿ ಕೂತು ನನ್ನ ಮುಖ ನೋಡಿದರು. "ಹೌದಲ್ರಿ ಮಾಸ್ತರ್ರ?"

ನಾನು ಏನೂ ಹೇಳಲಿಲ್ಲ ಎಂದೇ ಇಷ್ಟು ದಿನ ನಂಬಿದ್ದೆ. ಅಂದು ಜೊತೆಗಿದ್ದ ಹೆಂಡತಿ ಬೇರೆಯೇ ಹೇಳುತ್ತಾಳೆ. "ಹೌದ್ರಿ ಚಾಚಾ, ನಾಲ್ಕ ದಿನ ಅಡ್ಜಸ್ಟ್ ಮಾಡ್ಕೋರ್ರಿ" ಎಂದೆನಂತೆ, ನಗುತ್ತಲೇ. ಅವಳದೇ ನಿಜವಿರಬೇಕು. ಸುಮ್ಮನಿದ್ದೆ ಎನ್ನುವುದು ನನಗೆ ಹೆಚ್ಚು ಒಪ್ಪುತ್ತದೆ. ಆ ಕಾರಣಕ್ಕೇ ಅದನ್ನು ನಂಬಲಾರೆ.

ಚಾಚಾ ಕೆಲವು ದಿನ ಗಟಾರದ ಅಂಚಿನಲ್ಲಿ ಕೂತರು. ಆಮೇಲೆ ಬರಲಿಲ್ಲ. ಯಾರೂ ಓಡಿಸಲಿಲ್ಲ ಎಂದು ಓಣಿಯವರು ಈಗಲೂ ಹೇಳುತ್ತಾರೆ, ನಾನೂ ಹೇಳಿದ್ದೇನೆ.

ಯಮಕನಮರಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಅಲ್ಲೇ ಹೈವೇ ಬಾಜೂ ಕೂಡುತ್ತಾರೆ ಎಂದು ತಿಳಿದಿತ್ತು. ಹೋದ ವರ್ಷ ಹುಕ್ಕೇರಿಗೆ ಮದುವೆಗೆ ಹೋದವನು ಅಲ್ಲಿಗೂ ಹೋದೆ. ಲಾರಿಗಳ ಧೂಳಿನಲ್ಲಿ ಕೂತಿದ್ದರು. ಗುರುತು ಹಿಡಿದು ಚಹಾ ತರಿಸಿದರು.

"ಕಸಾ ನಿಂತೈತಲ್ರಿ?"

"ನಿಂತೈತ್ರಿ."

"ಚಲೋ ಆತು."

ಮಾತಿನಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ: "ವಾಪಸ್ ಬರ್ರಿ ಚಾಚಾ."

"ಬರ್ತೇನಿ. ಎಲ್ಲಿ ಕುಂಡ್ರಲಿ?"

ನಮ್ಮ ಭಾಗದ ಗೋಡೆಗಳನ್ನು ಒಂದೊಂದಾಗಿ ನೆನೆದೆ. ನೆರಳಿದ್ದು ಖಾಲಿ ಇರುವುದು ಹಿಂದಿನ ಓಣಿಯದೊಂದೇ. ನಮ್ಮ ಓಣಿಯ ಚೀಲಗಳು ಈಗ ಹೋಗಿ ಬೀಳುವುದು ಅದರ ಬುಡಕ್ಕೆ.

"ನಿಮ್ಮ ಬಸ್ ಬಂತ ನೋಡ್ರಿ ಮಾಸ್ತರ್ರ," ಎಂದು ಅವರೇ ನನ್ನನ್ನು ಎಬ್ಬಿಸಿದರು.