ಭಾವನ ಪೆಟ್ಟಿಗೆಯ ಮುಳ್ಳು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಭಾವ ಪ್ಲಗ್ಗು ಕಿತ್ತರು. ಅನಾಹುತ ಶುರುವಾದದ್ದು ಆಗಲೇ. ಗೋಡೆ ಗಡಿಯಾರವನ್ನು ಯಾಕೆ ನೋಡಿದೆನೋ ಗೊತ್ತಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಅದೇ ಕಾಣುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಆಯುಧಪೂಜೆ. ಹಾಸನದಲ್ಲಿ ಅಕ್ಕನ ಮನೆ. ಭಾವ ಜವಳಿ ವ್ಯಾಪಾರಿ. ನಾಲ್ಕು ಹಳೆಯ ರೇಡಿಯೋ ಬಿಚ್ಚಿದ ಮೇಲೆ ತಾವು ಎಂಜಿನಿಯರೆಂದು ತಾವೇ ತೀರ್ಮಾನಿಸಿಕೊಂಡಿದ್ದರು. ಎಂಟು ತಿಂಗಳು ಕೂತು ಒಂದು ಪೆಟ್ಟಿಗೆ ಮಾಡಿದ್ದರು. ಗ್ರಾಮಫೋನಿನ ದನಿಯನ್ನು ಬೀದಿಗೆಲ್ಲ ಕೇಳಿಸುವುದೂ ಅದೇ, ಕರೆಂಟು ಎಷ್ಟಿದೆಯೆಂದು ಅಳೆಯುವುದೂ ಅದೇ. ಮುಂದುಗಡೆ ಒಂದು ಗುಂಡಿ. ಒತ್ತಿದರೆ ಗಾಜಿನೊಳಗೆ ಮುಳ್ಳು ಏಳುತ್ತಿತ್ತು. ಚನ್ನರಾಯಪಟ್ಟಣದ ಮದುವೆಯೊಂದಕ್ಕೆ ಅದನ್ನು ತರುವುದಾಗಿ ಜಂಬದಿಂದ ಮಾತು ಕೊಟ್ಟಿದ್ದರು.

ಆ ದಿನ ಅರಕಲಗೂಡಿನಿಂದ ಬಂದಿದ್ದ ನೆಂಟರೆದುರು ಕರೆಂಟು ಕೊಟ್ಟು, ಮುಳ್ಳು ಕುಣಿಸಿ, ಪ್ಲಗ್ಗು ಕಿತ್ತು, ಮುಚ್ಚಳ ತೆಗೆದರು.

"ಮೇಲ್ಮೇಲೆ ಪೂಜೆ ಮಾಡುದ್ರೆ ಏನ್ ಬಂತು? ಕೆಲ್ಸ ಮಾಡೋದು ಒಳ್ಗಿರೋದು. ಅದುಕ್ಕೂ ಈಬೂತಿ ಅಚ್ಚೇ" ಎಂದು ಅಕ್ಕನಿಗೆ ಹೇಳಿದರು.

ಅಕ್ಕ ವಿಭೂತಿಯನ್ನು ನೀರಲ್ಲಿ ಕಲಸುತ್ತಿದ್ದಳು. ನಾನು ಗುಂಡಿ ಒತ್ತಿದೆ. ಮುಳ್ಳು ಮುನ್ನೂರು ವೋಲ್ಟು ದಾಟಿ ನಿಂತಿತು.

"ಭಾವ, ಮುಳ್ಳು ಇನ್ನೂ ಮೇಲಿದೆ."

"ಸಿಕ್ಕಾಕಂಡೈತೆ ಕಣ್ಲಾ. ವೈರು ಕಿತ್ಮೇಲೆ ಕರೆಂಟು ಎಲ್ಲಿಂದ ಬತ್ತದೆ, ನಿಮ್ಮಪ್ಪನ ಮನೆಯಿಂದ್ಲಾ?"

ನೆಂಟರು ನಕ್ಕರು. ನಾನೂ ನಕ್ಕೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನು ನಾನು. ಪ್ಲಗ್ಗು ಕಿತ್ತರೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆದರೆ ಭಾವನಿಗೆ ಅವರ ಮನೆಯಲ್ಲೇ, ನೆಂಟರೆದುರು ಎದುರಾಡಬಾರದೆನ್ನುವ ಮರ್ಯಾದೆ! ಆ ಹಾಳು ಮರ್ಯಾದೆಗೆ ಅಕ್ಕನ ಒದ್ದೆ ಕೈಯನ್ನು ಪೆಟ್ಟಿಗೆಯೊಳಗೆ ಹೋಗಲು ಬಿಟ್ಟೆ.

ಅವಳು ಕೂಗಲಿಲ್ಲ. ಹಿಂದಕ್ಕೆ ಹಾರಿ ಬಿದ್ದಳು. ಕಣ್ಣು ತೆರೆದೇ ಇದ್ದವು, ಉಸಿರಿರಲಿಲ್ಲ. ನಾನು ಎದೆ ಗುದ್ದಿದೆ, ಮುಖಕ್ಕೆ ನೀರು ಎರಚಿದೆ. ಕೊನೆಗೆ ಒಂದು ಬಿಕ್ಕು ಬಂತು. ಅಷ್ಟು ಹೊತ್ತು ಭಾವ ನೋಡುತ್ತಿದ್ದದ್ದು ಪೆಟ್ಟಿಗೆಯೊಳಗಿನ ಗಾಜಿನ ವಾಲ್ವು ಒಡೆಯಿತೇನೋ ಎಂದು.

ಅಕ್ಕ ಬದುಕಿದಳು. ಆದರೆ ನಿದ್ದೆ ಹತ್ತಿದ ಕೂಡಲೇ ಬೆಚ್ಚಿ ಏಳುತ್ತಿದ್ದಳು. "ಅದ್ರೊಳ್ಗೆ ಇನ್ನೂ ಐತೆ ಕಣೋ" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಎದ್ದು ಕೂತಿರುತ್ತಿದ್ದೆ. ಭಾವ ಮಾತ್ರ ಗೊರಕೆ ಹೊಡೆಯುತ್ತಿದ್ದರು. ಹೊಳೆನರಸೀಪುರದ ಸಂತೆಯಲ್ಲಿ, "ನಮ್ಮ ಮಿಶೀನು ಎಮ್ಮೆನೂ ಒದ್ದು ಕೆಡುವ್ತದೆ" ಎಂದು ಕೊಚ್ಚಿಕೊಂಡು ಬಂದರಂತೆ.

ಹನ್ನೊಂದನೆಯ ದಿನ ಪೆಟ್ಟಿಗೆ ಕೆಟ್ಟಿಲ್ಲವೆಂದು ತೋರಿಸಲು ಮತ್ತೆ ಕರೆಂಟು ಕೊಟ್ಟರು. ನಾನು ಪ್ಲಗ್ಗು ಕಿತ್ತು ಮುಚ್ಚಳ ತೆಗೆದೆ. ಮರದ ಹಿಡಿಯ ಸ್ಕ್ರೂಡ್ರೈವರನ್ನು ಕಂಡೆನ್ಸರಿನ ಎರಡು ತುದಿಗೂ ಅಡ್ಡ ಇಟ್ಟೆ. ಫಟ್ಟೆಂದು ನೀಲಿ ಕಿಡಿ ಹಾರಿತು. ಎಂಜಿನಿಯರು ಗೋಡೆಗೆ ಅಂಟಿಕೊಂಡರು.

"ಈಗ ಒತ್ತಕ್ಕಾ" ಎಂದೆ.

ಅಕ್ಕ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಬಂದು ಎಡಗೈಯಿಂದ ಗುಂಡಿ ಒತ್ತಿದಳು. ಮುಳ್ಳು ಏಳಲಿಲ್ಲ. ಮತ್ತೊಮ್ಮೆ ಒತ್ತಿದಳು. ಸೊನ್ನೆಯಲ್ಲೇ ಮಲಗಿತ್ತು.

ಆ ರಾತ್ರಿ ಮಲಗಿದ ನಾವಿಬ್ಬರೂ ಎದ್ದದ್ದು ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದ ಮೇಲೆ.